ಭಾವ ಫ್ಯಾನು ತಿರುಗಿಸುವಾಗ

ನನ್ನ ಗಂಡನ ಅಣ್ಣನ ಹತ್ತಿರ ಒಂದು ವಿಮಾನವಿತ್ತು. ಹೀಗೆಂದರೆ ಕೇಳಿದವರು ನಮ್ಮದು ಭಾರೀ ಕುಳಗಳ ಮನೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಅದು ವಯಸ್ಸಿನಲ್ಲಿ ನನಗಿಂತ ಹಿರಿಯದು. ಎರಡೇ ಸೀಟು, ರೆಕ್ಕೆಗೆ ಬಟ್ಟೆ ಹೊದಿಸಿ ಬಣ್ಣ ಬಳಿದಿದ್ದರು. ಮೂವರು ಗೆಳೆಯರು ಪಾಲು ಹಾಕಿಕೊಂಡು ಇಟ್ಟುಕೊಂಡಿದ್ದರು. ಯಲಹಂಕದಿಂದ ಆಚೆಗೆ ಒಂದು ಸಣ್ಣ ಮೈದಾನದಲ್ಲಿ, ತಗಡಿನ ಶೆಡ್ಡಿನ ಕೆಳಗೆ ಅದು ನಿಂತಿರುತ್ತಿತ್ತು. ಅದರ ಇಂಜಿನ್ನಿಗೆ ಸ್ಟಾರ್ಟರ್ ಇರಲಿಲ್ಲ. ಹಿಂದೆ ಲಾರಿಗಳ ಮೂತಿಗೆ ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದರಲ್ಲ, ಇದಕ್ಕೂ ಹಾಗೆಯೇ ಒಬ್ಬರು ಮುಂದೆ ನಿಂತು ಪ್ರೊಪೆಲ್ಲರನ್ನು ಕೈಯಿಂದ ಎಳೆದು ತಿರುಗಿಸಬೇಕು. ಭಾವನ ಬಾಯಲ್ಲಿ ಅದು ಪ್ರೊಪೆಲ್ಲರ್ ಅಲ್ಲ, ಫ್ಯಾನು.

ನಾನು ಧಾರವಾಡದವಳು, ಆರ್.ಟಿ. ನಗರದ ಕಾಲೇಜೊಂದರಲ್ಲಿ ಲೈಬ್ರರಿಯನ್. ಮದುವೆಯಾಗಿ ಚಿಕ್ಕಜಾಲದ ಈ ಮನೆಗೆ ಬಂದೆ. ಕೆಳಗಿನ ಮನೆಯಲ್ಲಿ ಭಾವ ಮತ್ತು ಅವರ ಹೆಂಡತಿ, ಮೇಲಿನ ಮಹಡಿಯಲ್ಲಿ ನಾವು. ಭಾವನ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತೇನೆ. ಭಾವ ಸಣ್ಣವರಿದ್ದಾಗ ಈಗ ಏರ್‌ಪೋರ್ಟ್ ರಸ್ತೆ ಇರುವ ಕಡೆ ಇವರದು ದ್ರಾಕ್ಷಿ ತೋಟವಿತ್ತಂತೆ. ಯಲಹಂಕದ ಕಡೆಯಿಂದ ಏರಿದ ವಿಮಾನಗಳು ತೋಟದ ಮೇಲೆ ಹಾದುಹೋಗುವಾಗ ಭಾವ ಬುಟ್ಟಿ ಕೆಳಗಿಟ್ಟು ನೋಡುತ್ತ ನಿಂತುಬಿಡುತ್ತಿದ್ದರಂತೆ. ತೋಟ ಹೋಯಿತು, ಕಟ್ಟಡ ಕಟ್ಟಿಸುವ ಕೆಲಸ ಬಂತು. ನಲವತ್ತು ದಾಟಿದ ಮೇಲೆ ಯಾರಿಗೂ ಹೇಳದೆ ವಿಮಾನ ಓಡಿಸುವುದನ್ನು ಕಲಿತು, ಲೈಸೆನ್ಸ್ ಕೈಗೆ ಬಂದ ದಿನ ಮನೆಯಲ್ಲಿ ಹೇಳಿದರು. ಅಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಅಲ್ಲಿ ಮೇಲೆ ನಿಮಗೇನ್ ಕೆಲಸ" ಎಂದು ಒಳಗೆ ಹೋದರಂತೆ. ಅಕ್ಕ ಒಂದು ಸಲವೂ ಆ ಮೈದಾನಕ್ಕೆ ಬಂದಿರಲಿಲ್ಲ.

ಇಂಜಿನ್ ಶುರು ಮಾಡಲು ಇಬ್ಬರು ಬೇಕು. ಒಬ್ಬರು ಮುಂದೆ ನಿಂತು ತಿರುಗಿಸಬೇಕು, ಇನ್ನೊಬ್ಬರು ಒಳಗೆ ಕೂತು ಬ್ರೇಕ್ ತುಳಿದು ಹಿಡಿದಿರಬೇಕು. ಇಂಜಿನ್ ಹತ್ತಿಕೊಂಡ ತಕ್ಷಣ ವಿಮಾನಕ್ಕೆ ಮುಂದೆ ಹೋಗುವುದೊಂದೇ ಗೊತ್ತು, ಮುಂದೆ ನಿಂತವರು ಯಾರು ಎತ್ತ ಅಂತ ಅದು ಕೇಳುವುದಿಲ್ಲ. ಪಾಲುದಾರರಲ್ಲಿ ಒಬ್ಬರು ಮೈಸೂರಿಗೆ ಹೋಗಿ ನೆಲೆಸಿದರು. ಇನ್ನೊಬ್ಬರಿಗೆ ಮಂಡಿ ನೋವು, ಹತ್ತಿ ಕೂರುವುದೇ ಕಷ್ಟ. ಒಂದು ಭಾನುವಾರ ಬೆಳಿಗ್ಗೆ ಭಾವ ಮೆಟ್ಟಿಲ ಹತ್ತಿರ ನಿಂತು ತಮ್ಮನನ್ನು ಕೂಗಿದರು. ನನ್ನ ಗಂಡ ಫ್ಯಾಕ್ಟರಿಗೆ ಹೋಗಿದ್ದರು, ಅವರಿಗೆ ಭಾನುವಾರವೂ ಶಿಫ್ಟು. "ಅವರಿಲ್ಲ ಭಾವ, ಏನಾಗಬೇಕಿತ್ತು?" ಅಂದೆ.

"ಏನಿಲ್ಲ ಕಣಮ್ಮ. ವಾರಕ್ಕೊಂದ್ಸಲನಾದ್ರೂ ಇಂಜಿನ್ ಓಡಿಸ್ಬೇಕು, ಇಲ್ದಿದ್ರೆ ಒಳಗೆ ತುಕ್ಕು ಇಡೀತದೆ. ಬ್ರೇಕ್ ತುಳ್ಕೊಂಡು ಕೂರಾಕೆ ಒಬ್ರು ಬೇಕು."

"ಅಷ್ಟೇನಾ? ನಾನು ಬರ್ತೀನಿ."

ಅಷ್ಟೇನಾ ಅಂದದ್ದು ತಪ್ಪಾಯಿತೆಂದು ಮೈದಾನ ಮುಟ್ಟಿದ ಮೇಲೆ ತಿಳಿಯಿತು. ಮೊದಲ ದಿನ ಭಾವ ಇಂಜಿನ್ ಶುರು ಮಾಡಲೇ ಇಲ್ಲ. ಬೆಳಗೆಲ್ಲ ನನ್ನನ್ನು ಒಳಗೆ ಕೂರಿಸಿ ಪಾಠ ಹೇಳಿದರು. ಇದು ಸ್ವಿಚ್, ಕೀ ತಿರುಗಿಸಿ ಆನ್ ಆಫ್ ಮಾಡೋದು. ಇದು ಥ್ರಾಟಲ್, ಇಂಜಿನ್ನಿನ ಓಟ ಹೆಚ್ಚು ಕಮ್ಮಿ ಮಾಡೋದು. ಇದು ಪೆಟ್ರೋಲ್ ಬಂದ್ ಮಾಡೋ ಕಾಕ್. ಅವರು ಹೊರಗಿನಿಂದ ಒಂದು ಮಾತು ಕೂಗಿದರೆ ನಾನು ಮೊದಲು ಕೈಯಲ್ಲಿ ಮಾಡಿ, ಕಣ್ಣಲ್ಲಿ ನೋಡಿ, ಆಮೇಲೆ ಅದೇ ಮಾತನ್ನು ತಿರುಗಿ ಕೂಗಬೇಕು. ಕೇಳಿಸದಿದ್ದರೆ ಅಂದಾಜಿನ ಮೇಲೆ ಏನೂ ಮಾಡಕೂಡದು. ಸ್ವಿಚ್ ಆಫ್ ಇಟ್ಟುಕೊಂಡು ಫ್ಯಾನನ್ನು ಮೊದಲು ಒಂದೆರಡು ಸುತ್ತು ನಿಧಾನಕ್ಕೆ ತಿರುಗಿಸಬೇಕು, ಆಗ ಇಂಜಿನ್ ಪೆಟ್ರೋಲ್ ಎಳೆದುಕೊಳ್ಳುತ್ತದೆ. ಆಮೇಲೆ ಅವರು "ಕಾಂಟ್ಯಾಕ್ಟ್" ಅನ್ನುತ್ತಾರೆ, ನಾನು ಸ್ವಿಚ್ ಆನ್ ಮಾಡಿ "ಕಾಂಟ್ಯಾಕ್ಟ್" ಅನ್ನಬೇಕು. ಆಗ ಅವರು ಜೋರಾಗಿ ಎಳೆಯುತ್ತಾರೆ.

ಹೊರಗೂ ಕರೆದು ತೋರಿಸಿದರು. ಬೆರಳು ಮಡಚಿ ಫ್ಯಾನಿನ ಅಂಚನ್ನು ಹಿಡಿಯಕೂಡದು, ಅಂಗೈ ಚಪ್ಪಟೆಯಾಗಿ ಇಡಬೇಕು. ಹಿಡಿದುಕೊಂಡರೆ ಅದು ತಿರುಗುವಾಗ ನಮ್ಮನ್ನೂ ಒಳಗೆ ಎಳೆದುಕೊಳ್ಳುತ್ತದೆ. ಎಳೆದ ಜೋರಿಗೆ ಮೈ ತಾನಾಗಿಯೇ ಹಿಂದಕ್ಕೆ ಹೋಗುವ ಹಾಗೆ ನಿಲ್ಲಬೇಕು. ಹೆಗಲ ಮೇಲೆ ಟವೆಲ್ ಇರಕೂಡದು, ಕೆಳಗೆ ಹಸಿ ಹುಲ್ಲು, ಜಲ್ಲಿ ಇರಕೂಡದು. ತಿರುಗಿಸುವ ಮುಂಚೆ ಅವರು ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡು, ಆ ಜಾಗವನ್ನು ಕಾಲಿನಿಂದ ಉಜ್ಜಿ ನೋಡುತ್ತಿದ್ದರು.

"ಸ್ವಿಚ್ ಆಫ್ ಇದ್ರೂ ಇಷ್ಟೆಲ್ಲ ಬೇಕಾ ಭಾವ?"

"ಆಫ್ ಅಂತ ಸ್ವಿಚ್ ಬೋರ್ಡ್ ಏಳ್ತದೆ ಕಣಮ್ಮ. ಇಂಜಿನ್ನೂ ಏಳಬೇಕಲ್ಲ. ಅದು ಯಾವಾಗ್ಲೂ ಆನ್ ಇದೆ ಅಂತಾನೇ ನಾನು ನಿಂತ್ಕಳದು."

ಹೀಗೆ ಶುರುವಾಗಿ, ಭಾನುವಾರ ಬೆಳಿಗ್ಗೆ ಅವರ ಜೊತೆ ಹೋಗುವುದು ನನಗೆ ರೂಢಿಯಾಯಿತು. ನಾನು ಒಮ್ಮೆಯೂ ಮೇಲೆ ಹಾರಿರಲಿಲ್ಲ. ಭಾವ ಕರೆದಾಗಲೆಲ್ಲ ಮುಂದಿನ ವಾರ ಅನ್ನುತ್ತಿದ್ದೆ. ನೆಲದ ಮೇಲೆ ಬ್ರೇಕ್ ತುಳಿದು ಕೂರುವುದೇ ನನಗೆ ಸಾಕಷ್ಟು ಕೆಲಸವಾಗಿತ್ತು. ಆ ವಿಮಾನಕ್ಕೆ ಮುಂದೆ ಎರಡು ದೊಡ್ಡ ಚಕ್ರ, ಬಾಲದ ಕೆಳಗೆ ಒಂದು ಸಣ್ಣದು. ಹಾಗಾಗಿ ನಿಂತಾಗ ಮೂತಿ ಮೇಲಕ್ಕೆ, ಬಾಲ ಕೆಳಕ್ಕೆ. ಒಳಗೆ ಕೂತರೆ ಎದುರಿಗೆ ಆಕಾಶ ಕಾಣುತ್ತದೆ, ಮುಂದಿನ ನೆಲ ಕಾಣುವುದಿಲ್ಲ. ಭಾವ ಮುಂದೆ ಹೋಗಿ ನಿಂತರೆ ನನಗೆ ಅವರ ದನಿ ಮಾತ್ರ. ಕೈ ಎತ್ತಿದಾಗ ಬೆರಳ ತುದಿ ಕಂಡರೆ ಹೆಚ್ಚು. ಇಂಜಿನ್ ಹತ್ತಿಕೊಂಡ ಮೇಲೆ ಅವರು ರೆಕ್ಕೆಯ ತುದಿಯಾಚೆಯಿಂದ ಸುತ್ತು ಹಾಕಿ ಪಕ್ಕಕ್ಕೆ ಬರುವ ತನಕ ನಾನು ಉಸಿರು ಪೂರ್ತಿ ಬಿಡುತ್ತಿರಲಿಲ್ಲ.

ಆ ಭಾನುವಾರ ಎಲ್ಲ ಎಂದಿನಂತೆಯೇ ಇತ್ತು. ಬೆಳಿಗ್ಗೆ ಇಂಜಿನ್ ಒಂದೇ ಎಳೆತಕ್ಕೆ ಹತ್ತಿಕೊಂಡಿತು. ಭಾವ ಒಬ್ಬರೇ ಹೋಗಿ ಮೈದಾನದ ಮೇಲೆ ಒಂದು ಸುತ್ತು ಹಾರಿ ಬಂದರು. ಶೆಡ್ಡಿನಿಂದ ಸ್ವಲ್ಪ ದೂರದಲ್ಲಿ ನಿಲ್ಲಿಸಿ, ನಾನು ಫ್ಲಾಸ್ಕಿನಲ್ಲಿ ತಂದ ಕಾಫಿ ಕುಡಿದರು. ಗೇಟಿನ ಹತ್ತಿರ ವಾಚ್‌ಮನ್ ಬಿಟ್ಟರೆ ಸುತ್ತ ಯಾರೂ ಇರಲಿಲ್ಲ. ಬಿಸಿಲು ಏರುತ್ತಿತ್ತು. "ಇನ್ನೊಂದ್ಸಲ ಶುರು ಮಾಡಿ, ಶೆಡ್ಡಿಗೆ ಬಿಟ್ಟು ಓಗಣ" ಅಂದರು. ಶುರು ಮಾಡಿದ ಮೇಲೆ ಇಂಜಿನ್ನಿನ ಬಲದಲ್ಲೇ ಶೆಡ್ಡಿಗೆ ಹೋಗಬೇಕಾದ್ದರಿಂದ ಬಾಲವನ್ನು ನೆಲದ ಗೂಟಕ್ಕೆ ಹಗ್ಗದಿಂದ ಕಟ್ಟಲಿಲ್ಲ. ಚಕ್ರಗಳ ಮುಂದೆ ಮರದ ತುಂಡುಗಳನ್ನು ಮಾತ್ರ ಒದ್ದು ಕೂರಿಸಿದರು. ನಾನು ಹತ್ತಿ ಕೂತು ಎರಡೂ ಬ್ರೇಕ್ ತುಳಿದೆ.

"ಸ್ವಿಚ್ ಆಫ್?" ಮುಂದಿನಿಂದ ದನಿ ಬಂತು.

ನಾನು ಕೀ ಮುಟ್ಟಿ ನೋಡಿದೆ. "ಸ್ವಿಚ್ ಆಫ್."

"ಥ್ರಾಟಲ್ ಕ್ಲೋಸ್? ಬ್ರೇಕ್?"

"ಥ್ರಾಟಲ್ ಕ್ಲೋಸ್. ಬ್ರೇಕ್ ಹಿಡಿದಿದೆ."

ಇನ್ನು ಅವರು ಫ್ಯಾನನ್ನು ನಿಧಾನಕ್ಕೆ ತಿರುಗಿಸುತ್ತಾರೆ, ಆಮೇಲೆ ಕಾಂಟ್ಯಾಕ್ಟ್ ಅನ್ನುತ್ತಾರೆ ಎಂದು ನಾನು ಕಾದಿದ್ದೆ. ಫ್ಯಾನಿನ ಅಲಗು ಗಾಜಿನ ಮುಂದೆ ಮೆಲ್ಲಗೆ ಇಳಿಯಿತು. ಅಷ್ಟರಲ್ಲೇ ಢಮ್ ಎಂದು ಒಂದು ಸದ್ದು, ಹಿಂದೆಯೇ ಇಂಜಿನ್ ಪೂರ್ತಿ ಹತ್ತಿಕೊಂಡಿತು. ಎದುರಿಗಿದ್ದ ಅಲಗು ಮಾಯವಾಗಿ ಬರೀ ಒಂದು ಮಬ್ಬು ಸುತ್ತು ಉಳಿಯಿತು. ವಿಮಾನ ಮುಂದಕ್ಕೆ ಜಗ್ಗಿ ಮರದ ತುಂಡಿಗೆ ತಗುಲಿ ನಿಂತಿತು.

ನನ್ನ ಕೈ ತಾನಾಗಿ ಕೀ ಕಡೆ ಹೋಯಿತು. ಅದು ಆಫ್‌ನಲ್ಲೇ ಇತ್ತು, ಇನ್ನು ಆಚೆ ತಿರುಗುವುದಿಲ್ಲ. ಥ್ರಾಟಲ್ ಮುಚ್ಚೇ ಇತ್ತು. ಇಂಜಿನ್ ಮಾತ್ರ ಓಡುತ್ತಿತ್ತು. ಪೆಟ್ರೋಲ್ ಕಾಕ್ ನೆನಪಾಯಿತು, ತಿರುಗಿಸಿ ಬಂದ್ ಮಾಡಿದೆ. ಆದರೆ ಅದು ಗ್ಯಾಸ್ ಒಲೆ ಆರಿದ ಹಾಗೆ ಕೂಡಲೇ ಆರುವುದಿಲ್ಲ. ಪೈಪಿನಲ್ಲಿ, ಕಾರ್ಬುರೇಟರಿನಲ್ಲಿ ಉಳಿದದ್ದು ಮುಗಿಯುವ ತನಕ ಓಡುತ್ತಲೇ ಇರುತ್ತದೆ ಎಂದು ಭಾವ ಮೊದಲ ದಿನವೇ ಹೇಳಿದ್ದರು.

ಆ ಹೊತ್ತನ್ನು ಈಗಲೂ ಬರೆಯಲು ನನಗೆ ಸಲೀಸಾಗುವುದಿಲ್ಲ. ಭಾವ ಎಲ್ಲಿದ್ದಾರೆ ಗೊತ್ತಿಲ್ಲ. ಎಡಕ್ಕೆ ಬಗ್ಗಿ ನೋಡಿದೆ, ಬಲಕ್ಕೆ ಬಗ್ಗಿ ನೋಡಿದೆ. ರೆಕ್ಕೆಯ ನೆರಳು, ಗಾಳಿಗೆ ಮಲಗಿದ ಹುಲ್ಲು, ಅಷ್ಟೇ. ಪಕ್ಕಕ್ಕೆ ಬಂದಿದ್ದರೆ ಕಾಣಬೇಕಿತ್ತು. ಕಾಣಲಿಲ್ಲವೆಂದರೆ ಮುಂದೆಯೇ ಇದ್ದಾರೆ. ಇಳಿದು ಓಡಿಹೋಗಬೇಕು ಅನಿಸಿತು. ಇಳಿಯುವಂತಿಲ್ಲ. ಬ್ರೇಕಿನ ಮೇಲಿಂದ ಕಾಲು ತೆಗೆದರೆ, ಆ ಮರದ ತುಂಡುಗಳು ಜಾರಿದರೆ, ವಿಮಾನ ಅವರ ಮೇಲೆಯೇ ಹೋಗುತ್ತದೆ. ಅವರಿಗಾಗಿ ನಾನು ಆಗ ಮಾಡಬಹುದಾಗಿದ್ದು ಒಂದೇ, ಅಲ್ಲಾಡದೆ ಕೂತಿರುವುದು. ಕಾಲುಗಳನ್ನು ಎಷ್ಟು ಒತ್ತಿದ್ದೆನೆಂದರೆ ಸೊಂಟ ಸೀಟಿನಿಂದ ಮೇಲೆದ್ದಿತ್ತು.

ಎದುರಿನ ಗಾಜನ್ನೇ ನೋಡಿದೆ. ಏನನ್ನು ಹುಡುಕುತ್ತಿದ್ದೆ ಎಂದು ನನಗೆ ಗೊತ್ತಿತ್ತು. ಗಾಜಿನ ಮೇಲೆ ಏನೂ ಸಿಡಿದಿರಲಿಲ್ಲ. ಇಂಜಿನ್ನಿನ ಸದ್ದು ಮೊದಲಿನಿಂದಲೂ ಒಂದೇ ಸಮ ಇತ್ತು, ಎಲ್ಲಿಯೂ ತಡೆದಿರಲಿಲ್ಲ. ಆ ಎರಡನ್ನೇ ಹಿಡಿದುಕೊಂಡು ಕೂತೆ. ಏನಾದರೂ ತಗುಲಿದ್ದರೆ ಸದ್ದು ಬೇರೆ ಆಗುತ್ತಿತ್ತು, ಏನೂ ತಗುಲಿಲ್ಲ, ಏನೂ ತಗುಲಿಲ್ಲ ಎಂದು ಬಾಯಲ್ಲೇ ಹೇಳಿಕೊಳ್ಳುತ್ತಿದ್ದೆ.

ಕೊನೆಗೆ ಇಂಜಿನ್ ಕೆಮ್ಮಿತು, ಒಮ್ಮೆ ಜೋರಾಗಿ ಓಡಿತು, ಮತ್ತೆ ಕೆಮ್ಮಿ ನಿಂತಿತು. ಅಲಗು ಗಾಜಿನ ಮುಂದೆ ಅಡ್ಡ ನಿಂತಿತು. ದೂರದಲ್ಲಿ ಏರ್‌ಪೋರ್ಟಿಗೆ ಇಳಿಯುವ ದೊಡ್ಡ ವಿಮಾನದ ಮೊರೆತ ಕೇಳಿಸಿತು.

ಬೆಂಗಳೂರಿಗೆ ಬಂದು ಇಷ್ಟು ವರ್ಷವಾದ ಮೇಲೆ ನನ್ನ ಮಾತಿನಲ್ಲಿ ಧಾರವಾಡ ಉಳಿದಿಲ್ಲ ಅಂದುಕೊಂಡಿದ್ದೆ. ಆಗ ಬಾಯಿಂದ ಬಂದದ್ದು, "ಭಾವಾರ, ಅದೀರೇನ್ರಿ?"

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮೂತಿಯ ಮುಂದಿನಿಂದ, ಕೆಳಗಿನಿಂದ, ದನಿ ಬಂತು.

"ಇವ್ನಿ ಕಣಮ್ಮ. ಬ್ರೇಕ್ ಬಿಡಬ್ಯಾಡ."

ನಾನು ಬ್ರೇಕ್ ಬಿಡಲಿಲ್ಲ. ಆದರೆ ಹಣೆಯನ್ನು ಮುಂದಕ್ಕೆ ಆನಿಸಿ ಅತ್ತುಬಿಟ್ಟೆ. ಅಷ್ಟು ಸುಖವಾದ ಅಳು ನನ್ನ ಜೀವನದಲ್ಲಿ ಬೇರೆ ನೆನಪಿಲ್ಲ.

ಅವರು ಎದ್ದು ಬರಲು ಬಹಳ ಹೊತ್ತು ಹಿಡಿಯಿತು. ರೆಕ್ಕೆಯ ತುದಿಯನ್ನು ಸುತ್ತು ಹಾಕಿ, ಒಂದು ಕಾಲು ಎಳೆಯುತ್ತ ಬಂದರು. ಬೆನ್ನಿಗೆಲ್ಲ ಮಣ್ಣು, ಕೈಗೆ ತರಚಿದ ಗಾಯ. ಅಂಗೈ ಅಡಿಯಿಂದ ಅಲಗು ತಾನಾಗಿ ಕಿತ್ತುಕೊಂಡು ಹೋಯಿತಂತೆ. ಹಿಂದಕ್ಕೆ ವಾಲಿಯೇ ನಿಂತಿದ್ದರಿಂದ ಹಿಂದಕ್ಕೇ ಬಿದ್ದರಂತೆ. ಬೀಳುವಾಗ ಪಾದ ಹೊರಳಿ, ಏಳಲಾಗದೆ, ಅಂಗಾತ ಮಲಗಿಯೇ ಮೊಣಕೈಯೂರಿ ಹಿಂದೆ ಹಿಂದೆ ಸರಿದರಂತೆ. ಪಕ್ಕಕ್ಕೆ ಏಕೆ ಬರಲಿಲ್ಲ ಎಂದು ಆಮೇಲೆ ಕೇಳಿದೆ. "ಆ ಫ್ಯಾನು ಕಣ್ ಮುಂದೆ ತಿರುಗ್ತಿದ್ರೆ ಎಡ ಯಾವುದು ಬಲ ಯಾವುದು ಗೊತ್ತಾಗದಿಲ್ಲ. ದೂರ ಓಗೋದು ಒಂದೇ ಗೊತ್ತಾಗೋದು" ಅಂದರು.

ಬಾಗಿಲ ಹತ್ತಿರ ಬಂದು ಮೊದಲು ಅವರು ಕೇಳಿದ್ದು, "ಸ್ವಿಚ್ ಎಲ್ಲೈತೆ ನೋಡು."

"ಆಫ್ ಇದೆ ಭಾವ."

ಅವರೂ ಬಗ್ಗಿ ನೋಡಿದರು. ಮರದ ತುಂಡುಗಳನ್ನು ಇನ್ನಷ್ಟು ಬಿಗಿಯಾಗಿ ಕೂರಿಸಿ, ಬಾಲಕ್ಕೆ ಹಗ್ಗ ಕಟ್ಟಿ, ಆಮೇಲೆ ನನ್ನನ್ನು ಇಳಿಯಲು ಹೇಳಿದರು. ಇಬ್ಬರೂ ಹುಲ್ಲಿನ ಮೇಲೆ ಕೂತೆವು. ಫ್ಲಾಸ್ಕಿನಲ್ಲಿ ಉಳಿದಿದ್ದ ಕಾಫಿಯನ್ನು ಅವರಿಗೆ ಸುರಿದುಕೊಟ್ಟೆ. "ಅದೀರೇನ್ರಿ ಅಂದ್ಯಲ್ಲಮ್ಮ" ಎಂದು ನಕ್ಕರು. ನಗು ನಿಲ್ಲಲು ಹೊತ್ತಾಯಿತು, ನನಗೂ ಅಷ್ಟೇ.

ದಾರಿಯಲ್ಲಿ ಕಾರು ನಾನೇ ಓಡಿಸಿದೆ. ಯಲಹಂಕದ ಹತ್ತಿರ ಒಂದು ಕ್ಲಿನಿಕ್ಕಿನಲ್ಲಿ ಕಾಲು ತೋರಿಸಿದೆವು. ಮೂಳೆ ಮುರಿದಿಲ್ಲ, ಉಳುಕಿದೆ ಅಷ್ಟೇ ಅಂದರು. ಹೊರಗೆ ಬಂದ ಮೇಲೆ ಭಾವ, "ಮನೇಲಿ ಜಾರಿ ಬಿದ್ದೆ ಅನ್ನಣ" ಅಂದರು.

"ನೀವು ಏನಾದರೂ ಹೇಳಿ ಭಾವ. ಅಕ್ಕ ನನ್ನ ಕೇಳಿದರೆ ನನಗೆ ಸುಳ್ಳು ಹೇಳೋಕೆ ಬರಲ್ಲ."

ಮನೆಯಲ್ಲಿ ಅಕ್ಕ ಭಾವನ ಕಾಲನ್ನು ಮಣೆಯ ಮೇಲೆ ಎತ್ತಿ ಇಟ್ಟು ಐಸ್ ಕಟ್ಟುತ್ತಿದ್ದಾಗ, ಯಾರೂ ಕೇಳದೆ ಭಾವನೇ ಎಲ್ಲ ಹೇಳಿಬಿಟ್ಟರು. ಅಕ್ಕನ ಕೈ ಎಲ್ಲಿತ್ತೋ ಅಲ್ಲೇ ನಿಂತಿತು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಬಟ್ಟೆ ಕಟ್ಟಿ ಮುಗಿಸಿ, ನನ್ನ ಕಡೆ ತಿರುಗಿ, "ನೀನು ಊಟ ಮಾಡಿಲ್ಲ ಅಲ್ವಾ?" ಅಂದರು. ಮುದ್ದೆ ಬಡಿಸುವಾಗ ಅವರ ಕಣ್ಣು ತುಂಬಿರುವುದನ್ನು ನಾನು ಕಂಡೆ.

ಭಾವ ಬದುಕಿದ್ದರು, ಅದು ನಿಜವಾದ ಸಮಾಧಾನ. ಆದರೂ ಆ ವಾರವೆಲ್ಲ ನನ್ನನ್ನು ಒಂದು ಸಂಶಯ ಕೊರೆಯಿತು. ಕೀ ನಿಜವಾಗಿ ಆಫ್ ಇತ್ತೇ? ಇಂಜಿನ್ ಹತ್ತಿಕೊಂಡ ಗಾಬರಿಯಲ್ಲಿ ನಾನೇ ಆಫ್ ಮಾಡಿ, ಮೊದಲೇ ಆಫ್ ಇತ್ತು ಅಂದುಕೊಂಡೆನೇ? ಲೈಬ್ರರಿಯಲ್ಲಿ ಪುಸ್ತಕ ಜೋಡಿಸುತ್ತಿದ್ದಾಗಲೂ ಬೆರಳುಗಳು ಕೀ ತಿರುಗಿಸಿದ ಹಾಗೆ ಆಡುತ್ತಿದ್ದವು. ಒಂದು ಸಂಜೆ ತಡೆಯಲಾರದೆ ಕೆಳಗೆ ಹೋಗಿ ಭಾವನನ್ನು ಕೇಳಿದೆ.

"ನೀನು ಆಫ್ ಅಂದ್ರೆ ಆಫೇ" ಅಂದರು. "ನಿನ್ನ ಮಾತಿನ ಮೇಲೆ ನಾನು ಕೈ ಇಟ್ಟಿದ್ದು. ಅನುಮಾನ ಇದ್ದಿದ್ರೆ ಇಡ್ತಿದ್ನಾ?"

ಅವರು ಹೇಳಿದ್ದು ಹಿತವಾಗಿತ್ತು, ಆದರೆ ನನಗೆ ಅಷ್ಟು ಸಾಲಲಿಲ್ಲ. ಶನಿವಾರ ವಿಮಾನ ನೋಡಿಕೊಳ್ಳುವ ಇಂಜಿನಿಯರ್ ಬಂದು ಎಲ್ಲ ಬಿಚ್ಚಿ ನೋಡಿದರು. ಸಂಜೆ ಭಾವನಿಗೆ ಅವರ ಫೋನು. ಭಾವ ಫೋನನ್ನು ನನ್ನ ಕೈಗೆ ಕೊಟ್ಟರು. ಇಂಜಿನಿಯರ್ ಹೇಳಿದ್ದಿಷ್ಟು: ಈ ಇಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋಗೆ ಬ್ಯಾಟರಿ ಬೇಡ, ಫ್ಯಾನು ತಿರುಗಿದರೆ ತಾನೇ ಕಿಡಿ ಹುಟ್ಟಿಸುತ್ತದೆ. ಸ್ವಿಚ್ ಆಫ್ ಮಾಡಿದಾಗ ಒಂದು ತಂತಿ ಆ ಕಿಡಿಯನ್ನು ತಡೆಯಬೇಕು. ಆ ತಂತಿ ಇಂಜಿನ್ನಿನ ಅದುರಾಟಕ್ಕೆ ಸವೆದು ಹೊದಿಕೆಯೊಳಗೇ ತುಂಡಾಗಿತ್ತು. ಹೊರಗಿನಿಂದ ನೋಡಿದರೆ ಕಾಣುವಂತಿರಲಿಲ್ಲ. ಕಾಫಿಗೆ ಮುಂಚೆ ಭಾವ ಕೀ ತಿರುಗಿಸಿ ಇಂಜಿನ್ ನಿಲ್ಲಿಸಿದಾಗ ಅದರ ತುದಿಗಳು ಇನ್ನೂ ತಾಗಿಕೊಂಡಿದ್ದು, ಆಮೇಲೆ ಬಿಟ್ಟುಕೊಂಡಿರಬೇಕು. "ನೀವು ಕೀ ಎತ್ತ ತಿರುಗಿಸಿದ್ರೂ ಅದು ಆನೇ ಮೇಡಂ" ಅಂದರು ಇಂಜಿನಿಯರ್. ಇಂಜಿನ್ ಬಿಸಿ ಇತ್ತು, ಒಳಗೆ ಪೆಟ್ರೋಲಿನ ಆವಿ ಇತ್ತು, ಸಣ್ಣ ತಿರುವೇ ಸಾಕಾಯಿತು. ಫೋನ್ ಇಟ್ಟು ಮೇಲೆ ಬಂದು ಮಲಗಿದವಳು ಬೆಳಗಿನ ತನಕ ಹೊರಳಲಿಲ್ಲ ಎಂದು ನನ್ನ ಗಂಡ ಹೇಳಿದರು.

ಮರುದಿನ ಭಾನುವಾರ ಅಕ್ಕ ಸೀರೆ ಉಟ್ಟು ಕಾರಿನಲ್ಲಿ ಕೂತಿದ್ದರು. "ನಾನೂ ನೋಡ್ಬೇಕು" ಅಂದರು. ಮೈದಾನದಲ್ಲಿ ವಿಮಾನದ ಸುತ್ತ ಒಂದು ಸಲ ನಡೆದರು. "ಎಲ್ಲಿ ನಿಂತಿದ್ರಿ?" ಎಂದು ಕೇಳಿದರು. ಭಾವ ಕೋಲೂರಿಕೊಂಡು ಹೋಗಿ ತೋರಿಸಿದರು. ಅಕ್ಕ ಅಲ್ಲಿಯೇ ನಿಂತು ಅಲಗಿನ ಕಡೆ ಕೈ ಚಾಚಿದರು.

"ಮುಟ್ಟಬೇಡ" ಎಂದು ಭಾವ ಗಟ್ಟಿಯಾಗಿ ಹೇಳಿದರು.

ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡು ಅವರ ಮುಖ ನೋಡಿದರು. "ನಾನು ಮುಟ್ಟಿದ್ರೆ ನಿಮಗೆ ಇಂಗೆ ಆಗ್ತದಲ್ಲ. ನನಗೆ ಎಂಗೆ ಆಗಿರಬೇಕು?"

ವಾಪಸು ಬರುವಾಗ ಅಕ್ಕ ಮತ್ತೆ ಹೇಳಿದರು: "ಮಾರಿ ಅನ್ನಲ್ಲ. ಮೇಲೆ ಆರಬೇಡಿ ಅನ್ನಲ್ಲ. ಕಾರಿನ ತರ ಒಳಗೆ ಕೂತ್ಕೊಂಡು ಕೀ ತಿರುಗಿಸಂಗಿದ್ರೆ ಆರಿ. ಅಲ್ಲಿ ತಂಕ ಅದು ಅಲ್ಲೇ ಇರ್ಲಿ."

ಆ ಹಳೇ ಇಂಜಿನ್ನಿಗೆ ಸ್ಟಾರ್ಟರ್ ಕೂರಿಸಲು ಜಾಗವೇ ಇರಲಿಲ್ಲ. ಭಾವ ವಾದ ಮಾಡಬಹುದಿತ್ತು, ಮಾಡಲಿಲ್ಲ. ವಿಮಾನ ಆ ಮಳೆಗಾಲವೆಲ್ಲ ಶೆಡ್ಡಿನಲ್ಲಿ ನಿಂತಿತ್ತು. ಅವರ ಕಾಲು ವಾಸಿಯಾಯಿತು. ಅಷ್ಟು ವರ್ಷ ಓಡಿದ ಇಂಜಿನ್ನನ್ನು ಹೇಗಿದ್ದರೂ ಬಿಚ್ಚಿ ರಿಪೇರಿ ಮಾಡಿಸುವ ಹೊತ್ತು ಬಂದಿತ್ತು. ಮೂವರು ಪಾಲುದಾರರೂ ಮಾತಾಡಿಕೊಂಡು, ಬೇಕಾದ ಅನುಮತಿಗಳನ್ನೆಲ್ಲ ಪಡೆದು, ಸ್ಟಾರ್ಟರ್ ಇರುವ ಬೇರೆ ಇಂಜಿನ್ ಹುಡುಕಿ ಹಾಕಿಸಿದರು. ಆ ಕೆಲಸಕ್ಕೆ ಬೇಸಿಗೆಯ ತನಕ ಹಿಡಿಯಿತು. ಆ ದಿನಗಳಲ್ಲಿ ಭಾನುವಾರ ಬೆಳಿಗ್ಗೆ ಭಾವ ಅಂಗಳದಲ್ಲಿ ಪೇಪರ್ ಓದುತ್ತ ಕೂತಿರುವುದನ್ನು ಮೇಲಿನಿಂದ ನೋಡಿದರೆ ನನಗೆ ಏನೋ ಹಗುರ. ಅವರು ಚಡಪಡಿಸುತ್ತಿದ್ದುದು ಗೊತ್ತಿತ್ತು, ಆದರೂ ಹಗುರ.

ಹೊಸ ಇಂಜಿನ್ ಕೂತ ಮೇಲೆ ನಾವು ಮೂವರೂ ಹೋದೆವು. ಭಾವ ಎಡಗಡೆ ಕೂತರು, ನನ್ನನ್ನು ಬಲಗಡೆ ಹತ್ತಿಸಿದರು. ಈ ಸಲ ಮುಂದಿನ ವಾರ ಅನ್ನಲು ನನಗೇ ಮನಸ್ಸಾಗಲಿಲ್ಲ. ಅಕ್ಕ ಶೆಡ್ಡಿನ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಭಾವ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಮುಂದೆ ಯಾರೂ ಇಲ್ವಲ್ಲ?" ಎಂದು ಜೋರಾಗಿ ಕೂಗಿದರು.

"ಯಾರೂ ಇಲ್ಲ" ಎಂದು ಅಕ್ಕ ಅಲ್ಲಿಂದಲೇ ಹೇಳಿದರು.

ಭಾವ ಸ್ಟಾರ್ಟರ್ ಒತ್ತಿದರು. ಅಲಗು ಒಂದು ಸುತ್ತು ತಡವರಿಸಿ ತಿರುಗತೊಡಗಿತು. ಸ್ವಲ್ಪ ಹೊತ್ತಿಗೆಲ್ಲ ನಾವು ನೆಲ ಬಿಟ್ಟಿದ್ದೆವು. ಕೆಳಗೆ ಏರ್‌ಪೋರ್ಟ್ ರಸ್ತೆ, ಅದರ ಮೇಲೆ ಸಾಲು ಕಾರುಗಳು, ಆಚೆಗೆ ಯಲಹಂಕದ ಕೆರೆ ಬಿಸಿಲಿಗೆ ಹೊಳೆಯುತ್ತಿತ್ತು. ಭಾವ ಅದು ನೋಡು ಇದು ನೋಡು ಎಂದು ಬೆರಳು ಮಾಡುತ್ತಿದ್ದರು. ನಾನು ನೋಡುತ್ತಿದ್ದುದು ಎದುರಿಗೆ ತಿರುಗುತ್ತಿದ್ದ ಫ್ಯಾನನ್ನು. ಅದರ ಮುಂದೆ ಬರೀ ಗಾಳಿ, ಮನುಷ್ಯರ ಸುಳಿವಿಲ್ಲ. ನನ್ನ ಕಾಲು ಯಾವುದರ ಮೇಲೂ ಇರಲಿಲ್ಲ. ಸೀಟಿಗೆ ಬೆನ್ನು ಆನಿಸಿ ಕೂತೆ.

ಇಳಿದ ಮೇಲೆ ಅಕ್ಕ ಹತ್ತಿರ ಬಂದು, "ಎಂಗಿತ್ತು?" ಅಂದರು.

"ಚೆನ್ನಾಗಿತ್ತಕ್ಕ. ನೀವೂ ಹೋಗ್ಬನ್ನಿ."

"ನೋಡಣ" ಅಂದರು ಅಕ್ಕ, ಮತ್ತು ಭಾವನ ಅಂಗಿಯ ಮೇಲೆ ಕೂತಿದ್ದ ಧೂಳನ್ನು ಕೈಯಿಂದ ಝಾಡಿಸಿದರು.